‘ಪುಸ್ತಕ ಜೋಡಿಸೋಕೂ ಡಿಗ್ರಿ ಬೇಕಾ?’

ಇಪ್ಪತ್ತೆರಡರ ಹುಡುಗಿ. ಇತಿಹಾಸದಲ್ಲಿ ಪದವಿ ಮುಗಿಸಿದ್ದಳು. ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ಅಮ್ಮನ ಜೊತೆ ನನ್ನ ಹತ್ತಿರ ಬಂದಿದ್ದಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಮುಂದೆ ಗ್ರಂಥಾಲಯ ವಿಜ್ಞಾನ ಓದಬೇಕು ಅನ್ನುವುದು ಅವಳ ಆಸೆ. “ಪುಸ್ತಕ ಜೋಡಿಸೋಕೂ ಡಿಗ್ರಿ ಬೇಕಾ?” ಅನ್ನುವುದು ಅಮ್ಮನ ಪ್ರಶ್ನೆ.

ಯಾಕೆ ಇದೇ ಓದು ಎಂದು ಕೇಳಿದೆ. “ನಂಗೆ ಓದೋದು ಇಷ್ಟ. ಜನರ ಜೊತೆ ಜಾಸ್ತಿ ಮಾತಾಡೋಕೆ ಆಗಲ್ಲ. ಅಲ್ಲಿ ಸುಮ್ನೆ ಕೂತು ಕೆಲಸ ಮಾಡಬಹುದು ಅಲ್ವಾ?” ಎಂದಳು.

ಅಮ್ಮನ ಪ್ರಶ್ನೆಗಿಂತ ಈ ಉತ್ತರವೇ ನನಗೆ ಚಿಂತೆ ತಂದಿತು. ಗ್ರಂಥಪಾಲಕರಿಗೆ ಕೆಲಸದ ಹೊತ್ತಿನಲ್ಲಿ ಓದಲು ಬಿಡುವು ಸಿಗುವುದು ಕಡಿಮೆ. ಬೇರೆಯವರ ಪ್ರಶ್ನೆಗಳಲ್ಲೇ ದಿನ ಮುಗಿಯುತ್ತದೆ. ಅದಕ್ಕೇ ಒಂದು ಪರೀಕ್ಷೆ ಕೊಟ್ಟೆ. “ಯಾರೋ ಬಂದು, ಹೃದಯದ ಬಗ್ಗೆ ಪುಸ್ತಕ ಕೊಡಿ ಅಂದರೆ?”

ಸ್ವಲ್ಪ ಯೋಚಿಸಿದಳು. “ಪರೀಕ್ಷೆಗೆ ಓದ್ತಿದ್ದಾರಾ, ಇಲ್ಲ ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಅಂತ ಕೇಳ್ತೀನಿ.”

ನನಗೆ ಖುಷಿಯಾಯಿತು. ಒಂದೇ ಒಂದು ತಿದ್ದಿದೆ: ಕಾಯಿಲೆಯ ಮಾತು ನೇರವಾಗಿ ಎತ್ತಬಾರದು, “ಯಾವ ಥರದ ಮಾಹಿತಿ ಬೇಕಿತ್ತು?” ಎಂದರೆ ಸಾಕು. ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಈ ಮಾತುಕತೆಗೆ ರೆಫರೆನ್ಸ್ ಸಂದರ್ಶನ ಎನ್ನುತ್ತಾರೆ. ಆಮೇಲೆ ಅಮ್ಮನ ಕಡೆ ತಿರುಗಿದೆ. ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ, 1876ರಲ್ಲಿ ಶುರುವಾದ ಡ್ಯೂಯಿ ಪದ್ಧತಿಯಲ್ಲಿ ಹೃದಯ ಹೇಗೆ ಕೆಲಸ ಮಾಡುತ್ತದೆ ಅನ್ನುವುದು 612.17, ಹೃದಯದ ಕಾಯಿಲೆ 616.12. ಒಂದೇ ಪದ, ಎರಡು ಕಪಾಟು. ಜೋಡಿಸುವುದು ಅಂದರೆ ಇದು. ಅಮ್ಮ ಆ ಸಂಖ್ಯೆಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಇತಿಹಾಸದ ಪದವಿ ವ್ಯರ್ಥವಾಗುತ್ತದೆಂಬ ಭಯವೂ ಅವರಿಗಿತ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನುವ ಎಸ್.ಆರ್. ರಂಗನಾಥನ್ ಅವರ ಉದಾಹರಣೆ ಕೊಟ್ಟೆ: 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗುವ ಮೊದಲು ಅವರು ಗಣಿತದ ಮೇಷ್ಟ್ರು. ಆ ಗಣಿತ ಅವರು ರೂಪಿಸಿದ ಕೋಲನ್ ವರ್ಗೀಕರಣ ಎಂಬ ಪುಸ್ತಕ ವಿಂಗಡಣೆಯ ಪದ್ಧತಿಯಲ್ಲಿ ಕಾಣುತ್ತದೆ. ಇತಿಹಾಸ ಓದಿದವರಿಗೆ ಹಳೆಯ ದಾಖಲೆಗಳನ್ನು ಕಾಪಾಡುವ ಪತ್ರಾಗಾರದ ಕೆಲಸ ಚೆನ್ನಾಗಿ ಒಗ್ಗುತ್ತದೆ. ಶಾಲೆ, ಕಾಲೇಜು, ಸಾರ್ವಜನಿಕ ಗ್ರಂಥಾಲಯ ಇದ್ದೇ ಇವೆ. ಆಸ್ಪತ್ರೆ, ಕಾನೂನು ಸಂಸ್ಥೆ, ಪ್ರಕಾಶನ, ಸಂಶೋಧನಾ ದತ್ತಾಂಶದ ವಿಭಾಗಗಳಲ್ಲೂ ಈ ಓದಿನವರು ಕೆಲಸ ಮಾಡುತ್ತಾರೆ. ಮಾತು ಕಡಿಮೆ ಇರುವವರಿಗೆ ಕ್ಯಾಟಲಾಗಿಂಗ್, ಮೆಟಾಡೇಟಾ, ಅಂದರೆ ಪುಸ್ತಕ ಮತ್ತು ದಾಖಲೆಗಳ ವಿವರ ಬರೆದಿಡುವ ಕೆಲಸಗಳು ಹೊಂದುತ್ತವೆ. ಆದರೆ ಕಾಯಂ ಹುದ್ದೆಗೆ ಕಾಯಬೇಕಾಗಬಹುದು, ಅದನ್ನು ಮುಚ್ಚಿಡಲಿಲ್ಲ. “ಗ್ರಂಥಪಾಲಕ” ಎಂಬ ಹೆಸರಿನ ಹುದ್ದೆಯನ್ನೇ ಹುಡುಕುತ್ತಾ ಕೂರಬೇಡ ಎಂದೆ.

ಅರ್ಜಿ ಹಾಕುವ ಮೊದಲು ಎರಡು ಕೆಲಸ ಹೇಳಿದೆ. ಗ್ರಂಥಾಲಯ ನಡೆಸಲು ಬಳಸುವ ಉಚಿತ ತಂತ್ರಾಂಶ ಕೋಹಾದಲ್ಲಿ ಮನೆಯ ಪುಸ್ತಕಗಳನ್ನು ನಮೂದಿಸು. ಅಲ್ಲಿ ಪುಸ್ತಕದ ವಿವರ ಬರೆಯುವುದು ಮಾರ್ಕ್ ಎಂಬ ಮಾದರಿಯಲ್ಲಿ, ಪ್ರತಿ ವಿವರದ ಜಾಗಕ್ಕೂ ಒಂದು ಸಂಖ್ಯೆ: 100 ಲೇಖಕರಿಗೆ, 245 ಶೀರ್ಷಿಕೆಗೆ, ಎರಡೂ ಸುಲಭ. 650ರಲ್ಲಿ ವಿಷಯ ಬರೆಯುವಾಗ ಕೈ ನಿಲ್ಲುತ್ತದೆ. ಈ ಪುಸ್ತಕ ನಿಜವಾಗಿ ಯಾವುದರ ಬಗ್ಗೆ? ಆ ಯೋಚನೆ ಹಿತವೆನಿಸುತ್ತದಾ ನೋಡು. ಇನ್ನೊಂದು, ಅನುಮತಿ ಕೇಳಿ ಯಾವುದಾದರೂ ಗ್ರಂಥಾಲಯದ ಸಹಾಯ ಮೇಜಿನ ಹತ್ತಿರ ಎರಡು ವಾರ ಕೂರು. ಜನ ಮೊದಲು ಏನು ಕೇಳಿದರು, ನಿಜಕ್ಕೂ ಏನು ಬೇಕಿತ್ತು, ಹೆಸರಿಲ್ಲದೆ ಬರೆದುಕೊ. ವಿಶ್ವವಿದ್ಯಾಲಯ ಆರಿಸುವಾಗ ಕೋಹಾ ಮತ್ತು ಡಿಜಿಟಲ್ ದಾಖಲೆಗಳನ್ನು ಕಾಪಿಡುವ ತಂತ್ರಾಂಶ ಡಿಸ್ಪೇಸ್ ಕೈಯಾರೆ ಕಲಿಸುತ್ತಾರಾ, ಇಂಟರ್ನ್‌ಶಿಪ್ ಇದೆಯಾ ಎಂದು ಕೇಳು ಎಂದೂ ಹೇಳಿದೆ.

ಆರು ವಾರದ ನಂತರ ತುಂಬಿದ ನೋಟ್‌ಬುಕ್ ಹಿಡಿದು ಬಂದಳು. “ಗುಂಪಿನ ಎದುರು ಈಗಲೂ ಮಾತು ಬರಲ್ಲ. ಆದ್ರೆ ಒಬ್ಬೊಬ್ಬರೇ ಬಂದ್ರೆ ಆಗುತ್ತೆ” ಎಂದಳು. ಅರ್ಜಿ ಹಾಕು, ಐಚ್ಛಿಕ ವಿಷಯದಲ್ಲಿ ಪತ್ರಾಗಾರ ತೆಗೆದುಕೊ ಎಂದೆ.