ಪೆಟ್ಟಿಗೆ ಮೇಲಿನ ಲ್ಯೂಮೆನ್, ರಾಡಿ ನೀರೊಳಗಿನ ಬೆಳಕು

ಪ್ರಶ್ನೆ: ಹೊಳ್ಯಾಗ ಯಾರರೆ ಮುಳುಗಿದ್ರ ಹುಡುಕಲಾಕ ಹೋಗೋ ಹುಡುಗರ ತಂಡ ನಮ್ದು. ಹಳೇ 50 ವ್ಯಾಟ್ ಹ್ಯಾಲೋಜನ್ ಲೈಟ್ ಅದ. 21 ವ್ಯಾಟಿನ ಎಚ್‌ಐಡಿ ಒಂದು ಸೆಕೆಂಡ್ ಹ್ಯಾಂಡ್ ಸಿಗಲತ್ತದ. ಆನ್‌ಲೈನ್‌ದಾಗ 10,000 ಲ್ಯೂಮೆನ್ ಎಲ್‌ಇಡಿ ಮೂರು ಸಾವಿರಕ್ಕ ಅದ, ಎರಡು ಸೆಲ್ಲಿಂದು. ಯಾವುದು ತಗೋಬೇಕ್ರಿ?
— ಶಹಾಪುರದ ಓದುಗರು

ಉತ್ತರ: ಮೊದಲು ಆ 10,000ದ ಲೆಕ್ಕ ಮುಗಿಸೋಣ. ಲ್ಯೂಮೆನ್ ಅಂದರೆ ಲೈಟಿನಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಒಳಗಿನ ಸರ್ಕ್ಯೂಟ್ (ಡ್ರೈವರ್), ಲೆನ್ಸಿನಲ್ಲಿ ಹೋಗುವುದೆಲ್ಲ ಕಳೆದರೆ ಎಲ್‌ಇಡಿ ಲೈಟಿನಿಂದ ವ್ಯಾಟಿಗೆ ಸುಮಾರು 100 ಲ್ಯೂಮೆನ್ ಹೊರಗೆ ಬರುತ್ತದೆ. ಅಂದರೆ 10,000ಕ್ಕೆ 100 ವ್ಯಾಟ್ ಬೇಕು. ಇಂಥ ಲೈಟಿಗೆ ಹಾಕುವ ಒಂದು ಒಳ್ಳೆಯ ‘18650’ ಲಿಥಿಯಂ ಸೆಲ್ 3.6 ವೋಲ್ಟ್, 3,400 ಎಂಎಎಚ್. ಸುಮಾರು 12 ವ್ಯಾಟ್-ಅವರ್. ಎರಡಕ್ಕೆ 24. ಹದಿನಾಲ್ಕು ನಿಮಿಷಕ್ಕೆ ಖಾಲಿ. ಅದಕ್ಕೂ ಮೊದಲು ಸೆಲ್ಲಿನಿಂದ 14 ಆಂಪಿಯರ್ ಎಳೆಯಬೇಕು, ಈ ಜಾತಿಯ ಹೆಚ್ಚಿನ ಸೆಲ್ಲುಗಳು ಅಷ್ಟು ತಡೆಯುವುದಿಲ್ಲ. ಆ ಲೈಟು ಒಂದೂವರೆ ಸಾವಿರ ಲ್ಯೂಮೆನ್ ಕೊಟ್ಟರೆ ಪುಣ್ಯ. ಜೊತೆಗೆ ಬರುವ ಸೆಲ್ ಮೇಲೆ ‘9,900 ಎಂಎಎಚ್’ ಎಂದಿದ್ದರೆ ತಕ್ಕಡಿಗೆ ಹಾಕಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಖೊಟ್ಟಿ ಮಾಲು ಅದಕ್ಕಿಂತ ಬಹಳ ಹಗುರ.

ಹ್ಯಾಲೋಜನ್ ವ್ಯಾಟಿಗೆ 20 ಲ್ಯೂಮೆನ್ನಿನ ಆಸುಪಾಸು. ನಿಮ್ಮ 50 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ 4 ಆಂಪಿಯರಿಗಿಂತ ಹೆಚ್ಚು ತಿಂದು 1,000 ಲ್ಯೂಮೆನ್ ಕೊಡುತ್ತದೆ, ಉಳಿದದ್ದೆಲ್ಲ ಬಿಸಿ. ಬ್ಯಾಟರಿ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಬೀಳುತ್ತದೆ. ‘ಅರ್ಧ ತಾಸಿಗೇ ಕೆಂಪಗಾಯ್ತು’ ಅನ್ನುವುದು ಇದಕ್ಕೇ. ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಬಿಸಿ ಗಾಜಿನ ಮೇಲೆ ಕುಳಿತು ಅಲ್ಲೇ ಸೀಳು ಬಿಡುತ್ತದೆ.

ಎಚ್‌ಐಡಿಯದು ಬೇರೆ ಗುಣ. ಅದರಲ್ಲಿ ತಂತಿಯಿಲ್ಲ, ಕೆಲವೇ ಮಿಲಿಮೀಟರ್ ಉದ್ದದ ಕಿಡಿ ಉರಿಯುತ್ತದೆ. ಬೆಳಕಿನ ಮೂಲ ಅಷ್ಟು ಚಿಕ್ಕದಾದ್ದರಿಂದ ರಿಫ್ಲೆಕ್ಟರ್ ಅದನ್ನು ಆರೆಂಟು ಡಿಗ್ರಿಯ ಗಟ್ಟಿ ಕಿರಣವಾಗಿ ಎಸೆಯುತ್ತದೆ. ವ್ಯಾಟಿಗೆ ಹ್ಯಾಲೋಜನ್ನಿನ ಮೂರು ಪಟ್ಟು ಬೆಳಕು. ಬಹಳ ವರ್ಷ ಗುಹೆ ಮುಳುಗುಗಾರರು ಇದನ್ನೇ ನಂಬಿದ್ದರು. ಈಗ ಬೇಡ ಅನ್ನುವುದಕ್ಕೆ ಕಾರಣಗಳಿವೆ. ಹೊತ್ತಿಕೊಳ್ಳಲು ಬ್ಯಾಲಾಸ್ಟ್ ಎಂಬ ಒಳಗಿನ ಸರ್ಕ್ಯೂಟ್ ಸಾವಿರಾರು ವೋಲ್ಟ್ ಹೊಡೆಯಬೇಕು, ಪೂರ್ತಿ ಬೆಳಕಿಗೆ ಕೆಲವು ಸೆಕೆಂಡು ಕಾಯಬೇಕು. ಆರಿಸಿದ ಕೂಡಲೇ ಮತ್ತೆ ಹಾಕಿದರೆ ಎಷ್ಟೋ ಬಲ್ಬುಗಳು ತಣ್ಣಗಾಗುವ ತನಕ ಹತ್ತುವುದೇ ಇಲ್ಲ. ದೋಣಿಯ ಹಲಗೆ ಮೇಲೆ ಒಮ್ಮೆ ಬಿದ್ದರೆ ಬಲ್ಬ್ ಹೋಯಿತು. ತಯಾರಕರು ಎಲ್‌ಇಡಿಗೆ ಹೊರಳಿದ ಮೇಲೆ ಬದಲಿ ಬಲ್ಬು, ಬ್ಯಾಲಾಸ್ಟು ಸಿಗುವುದೇ ಕಷ್ಟ. ಮಾರುವವರು ಒಂದು ಹೊಸ ಬಲ್ಬ್ ಜೊತೆಗೆ ಕೊಡದಿದ್ದರೆ ಕೈ ಹಾಕಬೇಡಿ.

ನಿಮಗೆ ಬೇಕಾದದ್ದು ನಿಜವಾದ 1,000–1,500 ಲ್ಯೂಮೆನ್ನಿನ, ಒಂದೇ ಎಲ್‌ಇಡಿ, ಆಳವಾದ ರಿಫ್ಲೆಕ್ಟರ್ ಇರುವ, 10 ಡಿಗ್ರಿಗಿಂತ ಕಿರಿದಾದ ಕಿರಣದ ಲೈಟು. ವಿಡಿಯೋಕ್ಕೆಂದು ಮಾರುವ 120 ಡಿಗ್ರಿಯ ಲೈಟು ರಾಡಿ ನೀರಿನಲ್ಲಿ ಕಣ್ಣ ಮುಂದೆ ಬಿಳಿ ಗೋಡೆ ಕಟ್ಟುತ್ತದೆ: ಮುಖದ ಮುಂದಿನ ಮಣ್ಣಿನ ಕಣಗಳೆಲ್ಲ ಒಟ್ಟಿಗೆ ಬೆಳಗುತ್ತವೆ. ಹೆಚ್ಚು ಲ್ಯೂಮೆನ್ ಹಾಕಿದಷ್ಟೂ ಗೋಡೆ ದಪ್ಪ. ಲೈಟನ್ನು ಹಣೆಗೆ ಕಟ್ಟದೆ, ಕೈ ಚಾಚಿ ಬದಿಯಿಂದ ಹಿಡಿಯಿರಿ. ಬಣ್ಣ 4,000–5,000 ಕೆಲ್ವಿನ್ ಇರಲಿ. ಕಂದು ನೀರು ಮೊದಲು ನುಂಗುವುದು ನೀಲಿಯನ್ನು, 6,500ರ ನೀಲಿ ಬೆರೆತ ಬಿಳುಪು ಅಲ್ಲಿ ದಂಡ. ಅರ್ಧ ಮೀಟರೂ ಕಾಣದ ನೀರಿನಲ್ಲಂತೂ ಯಾವ ಲೈಟೂ ಕೆಲಸಕ್ಕೆ ಬಾರದು, ಹಗ್ಗ ಹಿಡಿದು ಕೈಯಿಂದ ತಡಕುವುದೇ ದಾರಿ. ನಾರಾಯಣಪುರ ಅಣೆಕಟ್ಟಿನ ಗೇಟು ತೆರೆದಿದ್ದಾಗ ಕೃಷ್ಣೆಗೆ ಇಳಿಯಲೇಬೇಡಿ.

ಪ್ರಶ್ನೆ: ಲೈಟಿನ ಗಾಜಿನೊಳಗ ಮಂಜು ಹಿಡೀತದ, ಸರಿಸೋ ಸ್ವಿಚ್ಚೂ ಬಿಗಿ ಆಗ್ಯಾದ. ನೀರು ಹೊಕ್ಕದೋ ಏನು?
— ಆಳಂದದ ಓದುಗರು

ಉತ್ತರ: ಮಳೆಗಾಲದ ಹಸಿ ಗಾಳಿಯಲ್ಲಿ ಮುಚ್ಚಳ ಹಾಕಿದ್ದರೂ ತಣ್ಣೀರಿಗೆ ಇಳಿದಾಗ ಮಂಜು ಬರುತ್ತದೆ. ಸಂಶಯ ಕಳೆಯಲು ಸೆಲ್ ತೆಗೆದು, ಒಳಗೆ ಟಿಶ್ಯೂ ಕಾಗದ ತುರುಕಿ, ಮುಚ್ಚಿ, ಬಕೆಟ್ ನೀರಿನಲ್ಲಿ ಕಲ್ಲು ಹೇರಿ ಒಂದು ರಾತ್ರಿ ಬಿಡಿ. ಬಕೆಟ್ ಸಾಕಾ ಅನ್ನಬೇಡಿ. ಆಳದಲ್ಲಿ ಒತ್ತಡವೇ ಓ-ರಿಂಗನ್ನು (ಮುಚ್ಚಳದ ಸಂದಿಯ ರಬ್ಬರ್ ಬಳೆಯನ್ನು) ಒತ್ತಿ ಹಿಡಿಯುತ್ತದೆ, ಎಷ್ಟೋ ಸೋರಿಕೆಗಳು ಮೇಲಿನ ನೀರಿನಲ್ಲೇ ಆಗುವುದು. ಕಾಗದ ಒದ್ದೆಯಾದರೆ ಓ-ರಿಂಗನ್ನು ಪಿನ್ನಿನಿಂದಲ್ಲ, ಬೆಣೆ ಮಾಡಿದ ಕಡ್ಡಿಯಿಂದ ಎಬ್ಬಿಸಿ, ತೊಳೆದು, ಬೆಳಕಿಗೆ ಹಿಡಿದು ನೋಡಿ. ಒಂದು ಕೂದಲೆಳೆ, ಒಂದು ಮರಳ ಕಾಳು ಸಾಕು. ಕರಿ ನೈಟ್ರೈಲ್ ರಿಂಗಿಗೆ ಸಿಲಿಕೋನ್ ಗ್ರೀಸ್ ಮಿನುಗುವಷ್ಟು ಮಾತ್ರ ಸವರಿ. ಮೆತ್ತಿದರೆ ಮರಳು ಅಂಟುತ್ತದೆ. ಸಿಲಿಕೋನ್ ರಿಂಗಿಗೆ ಅದೇ ಗ್ರೀಸ್ ಹಚ್ಚಿದರೆ ರಿಂಗ್ ಉಬ್ಬುತ್ತದೆ.

ಸ್ವಿಚ್ಚಿನ ಬಿಗಿಗೆ ಕಾರಣ ಬೇರೆ. ಒಳಗೆ ಅಯಸ್ಕಾಂತವಿದೆ. ನಮ್ಮ ಭಾಗದ ಕರಿಕಲ್ಲು ಸವೆದ ಮರಳಿನಲ್ಲಿ ಕಬ್ಬಿಣದ ಕರಿ ಪುಡಿ ಇರುತ್ತದೆ, ಅದು ಅಲ್ಲಿ ಹೋಗಿ ಕಚ್ಚಿಕೊಳ್ಳುತ್ತದೆ. ನಳದ ಕೆಳಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೆಲ್ ಇದ್ದಾಗಲೇ ನೀರು ಹೊಕ್ಕಿದ್ದರೆ ಒಳಗೆ ಗ್ಯಾಸ್ ಕೂಡಿರಬಹುದು: ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನ ಬಿಚ್ಚಿ. ಒದ್ದೆಯಾದ ಲಿಥಿಯಂ ಸೆಲ್ಲನ್ನು ಒಣಗಿಸಿ ಮತ್ತೆ ಚಾರ್ಜ್ ಮಾಡುವ ಸಾಹಸ ಬೇಡ.

ಪ್ರಶ್ನೆ: ಅರವತ್ತು ಅಡಿ ಬಾವ್ಯಾಗ ಪಂಪ್ ಬಿದ್ದದ. ಮನಿ ಕರೆಂಟಿನ ಹ್ಯಾಲೋಜನ್ ಇಳಿಬಿಟ್ಟು ನೋಡಬಹುದೇನ್ರಿ?
— ಹುಮನಾಬಾದಿನ ಓದುಗರು

ಉತ್ತರ: ಬೇಡ. 230 ವೋಲ್ಟ್ ನೀರಿಗಿಳಿಸಿದರೆ ಬಾವಿ ಕಟ್ಟೆ ಮೇಲಿದ್ದವರಿಗೂ ಅಪಾಯ. ಕಾದ ಗಾಜು ತಣ್ಣೀರು ತಾಗಿದ ಕ್ಷಣ ಒಡೆಯುತ್ತದೆ. ಆಳದ ಅಳತೆ ಬರೆದಿರುವ ಸೆಲ್ಲಿನ ಡೈವ್ ಲೈಟನ್ನು ಹಗ್ಗಕ್ಕೆ ಕಟ್ಟಿ, ಪಕ್ಕದಲ್ಲೇ ನೀರಿನ ಕ್ಯಾಮೆರಾ ಬಿಡಿ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಬರೀ ‘ವಾಟರ್‌ಪ್ರೂಫ್’ ಎಂದಿರುವ ಟಾರ್ಚು ತಡೆಯದು. ಪಂಪಿನ ಮೇನ್ ಫ್ಯೂಸ್ ಮೊದಲು ಕಿತ್ತಿಡಿ. ಮನುಷ್ಯರನ್ನು ಇಳಿಸಬೇಡಿ: ವಿದ್ಯುತ್ ಲೈಟು ಉಸಿರುಗಟ್ಟುವ ಗಾಳಿಯಲ್ಲೂ ಚೆನ್ನಾಗಿಯೇ ಉರಿಯುತ್ತದೆ, ಎಣ್ಣೆ ದೀಪದಂತೆ ಆರಿ ಎಚ್ಚರಿಸುವುದಿಲ್ಲ.

ಪ್ರಶ್ನೆ: ನೇತ್ರಾಣಿಗೆ ಡೈವಿಂಗ್‌ಗೆ ಹೊಂಟೀವಿ. ಯಾವ ಲೈಟು? ವಿಮಾನದಾಗ ಒಯ್ಯಬಹುದೇ?
— ಬೀದರಿನ ಓದುಗರು

ಉತ್ತರ: ಸಮುದ್ರದ ತಿಳಿ ನೀರಿಗೆ ಮೇಲೆ ರಾಡಿ ನೀರಿಗೆ ಹೇಳಿದ ಮಾತು ತಿರುಗುಮುರುಗು. ಅಲ್ಲಿ ಮೊದಲು ಮಾಯವಾಗುವುದು ಕೆಂಪು. ಹಗಲಿನಲ್ಲೂ ಹತ್ತಿರದಿಂದ ಅಗಲ ಬೆಳಕು ಬಿಟ್ಟರೆ ಮೀನಿನ ನಿಜ ಬಣ್ಣ ಕಾಣುತ್ತದೆ. ಅದಕ್ಕೆ 1,000 ಲ್ಯೂಮೆನ್ ಸಾಕು. ಗಾಜು ಚಪ್ಪಟೆಯಿದ್ದರೆ 120 ಡಿಗ್ರಿಯ ಕಿರಣ ನೀರೊಳಗೆ 80ರಷ್ಟಕ್ಕೆ ಕುಗ್ಗುತ್ತದೆ, ಕೊಳ್ಳುವಾಗ ನೆನಪಿರಲಿ. ಬಿಡಿ ಸೆಲ್ಲುಗಳು ಕೈಚೀಲದಲ್ಲೇ ಇರಬೇಕು, ತುದಿಗಳು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ; 100ರಿಂದ 160 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೈಟು ಚೀಲದಲ್ಲಿ ತಾನೇ ಹತ್ತಿಕೊಳ್ಳದಂತೆ ಸೆಲ್ ಹೊರತೆಗೆದಿಡಿ. ನೀರಿನ ತಂಪಿಲ್ಲದೆ ಉರಿದರೆ ಎಲ್‌ಇಡಿ ಕೆಲವೇ ನಿಮಿಷಕ್ಕೆ ಸುಡುವಷ್ಟು ಬಿಸಿಯಾಗುತ್ತದೆ.