ಒಂದೆಲಗ, ಉಪ್ಪಾಗೆ, ಅಣಬೆ ಕ್ಯಾಪ್ಸೂಲ್: ಅಮ್ಮನಿಗೆ ಕೊಡಬಹುದಾ?

ನಿಮ್ಮ ಅಮ್ಮ ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ತಗೊಳ್ತಾ ಇದ್ದಾರೆ. ಅದರ ಜೊತೆಗೆ ಒಂದೆಲಗದ ಪುಡಿ, ಗಾರ್ಸೀನಿಯಾ ಮಾತ್ರೆ, ಅರಿಶಿನದ ಕ್ಯಾಪ್ಸೂಲ್, ಅಣಬೆ ಕ್ಯಾಪ್ಸೂಲ್ ಎಲ್ಲ ಆನ್‌ಲೈನಲ್ಲಿ ತರಿಸಿಟ್ಟಿದ್ದಾರೆ. "ಸಿರ್ಸಿ ಕಡೆಯವರು ಇದನ್ನೆಲ್ಲ ದಿನಾ ತಿಂತೀರಲ್ಲ, ನಿಜವಾಗಿ ಉಪಯೋಗ ಇದೆಯಾ?" ಅಂತ ನಿಮ್ಮ ಪ್ರಶ್ನೆ.

ನಾನು ಸಿರ್ಸಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡವನು, ಡಾಕ್ಟರಲ್ಲ. ತಿಂತೀವಿ, ನಿಜ. ಆದರೆ ಅನ್ನದ ಜೊತೆ ಒಂದು ಹಿಡಿ ಸೊಪ್ಪು ತಿಂತೀವಿ. ಹತ್ತಾರು ಹಿಡಿಯ ಸತ್ವ ಹಿಂಡಿ ತುಂಬಿದ ಕ್ಯಾಪ್ಸೂಲನ್ನು ದಿನಾ ನುಂಗುವುದು ಬೇರೆಯೇ ವಿಷಯ.

ಇದಕ್ಕೆ ನಾನು ಅಂಗಡಿಯಲ್ಲಿ ಯಾವಾಗಲೂ ಹೇಳುವುದು ಚಕ್ರಮುನಿಯ ಕಥೆ. ವಿಟಮಿನ್ ಸೊಪ್ಪು ಅಂತ ಎಲ್ಲರ ಹಿತ್ತಲಲ್ಲೂ ಇರುತ್ತಲ್ಲ, ಅದೇ. ಹುರಿದು ತಂಬುಳಿ ಮಾಡ್ತೀವಿ, ಪಲ್ಯ ಮಾಡ್ತೀವಿ, ಏನೂ ಆಗಿಲ್ಲ. ಮಲೇಷ್ಯಾದಲ್ಲೂ ತಲೆಮಾರುಗಳಿಂದ ಬೇಯಿಸಿ ತಿಂತಾರೆ. 1990ರ ದಶಕದ ನಡುವೆ ತೈವಾನಿನಲ್ಲಿ ಯಾರೋ ಇದರ ಹಸಿ ರಸ ಕುಡಿದರೆ ತೂಕ ಇಳಿಯುತ್ತದೆ ಅಂತ ಹಬ್ಬಿಸಿದರು. ಜನ ವಾರಗಟ್ಟಲೆ ದಿನಾ ಲೋಟ ತುಂಬ ಕುಡಿದರು. ನೂರಕ್ಕೂ ಹೆಚ್ಚು ಜನರಿಗೆ ಉಸಿರಾಟವೇ ಕಷ್ಟವಾಯಿತು. ಶ್ವಾಸಕೋಶದ ಸಣ್ಣ ನಾಳಗಳು ಗಾಯವಾಗಿ ಮುಚ್ಚಿಕೊಂಡಿದ್ದವು. ರಸ ಕುಡಿಯುವುದು ಬಿಟ್ಟ ಮೇಲೂ ಅದು ಸರಿಹೋಗಲಿಲ್ಲ, ಕೆಲವರಿಗೆ ಶ್ವಾಸಕೋಶದ ಕಸಿಯನ್ನೇ ಮಾಡಬೇಕಾಯಿತು. ಸೊಪ್ಪು ಅದೇ. ತಿಂದ ರೀತಿ, ಪ್ರಮಾಣ ಬೇರೆ. ಹಾಗಾಗಿ "ಇದು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ.

ಇನ್ನು ಗಾರ್ಸೀನಿಯಾ. ಅದು ಬೇರೇನೂ ಅಲ್ಲ, ನಮ್ಮ ಕಾಡಿನ ಉಪ್ಪಾಗೆ. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ದೇಹ ಸಕ್ಕರೆಯನ್ನು ಕೊಬ್ಬು ಮಾಡುವ ದಾರಿಯಲ್ಲಿ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಇಲಿಗಳಲ್ಲಿ ಕೆಲಸ ಮಾಡಿತು, ಮಾರುಕಟ್ಟೆ ಎದ್ದಿತು. ನಮ್ಮ ಘಟ್ಟದಲ್ಲಿ ಉಪ್ಪಾಗೆಗೆ ಬೆಲೆ ಬಂದು, ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಕೊಯ್ದವರೂ ಇದ್ದಾರೆ. ಮಳೆಗಾಲದ ಬೆಳೆಯಾದ್ದರಿಂದ ಒಣಗಿಸಲು ಸುಟ್ಟ ಕಟ್ಟಿಗೆಯ ಲೆಕ್ಕ ಬೇರೆ. ಇಷ್ಟೆಲ್ಲ ಆದ ಮೇಲೆ 1998ರಲ್ಲಿ ಅಮೆರಿಕದಲ್ಲಿ 135 ದಪ್ಪ ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು. ಅರ್ಧ ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಬರೀ ಹುಸಿ ಮಾತ್ರೆ. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಮೇಲಿಂದ ಇಂಥ ಮಾತ್ರೆ ತಗೊಂಡು ಲಿವರ್ ಕೆಟ್ಟ ವರದಿಗಳೂ ಇವೆ. ಇದೊಂದನ್ನು ಮಾತ್ರ ಯಾರನ್ನೂ ಕೇಳದೆ ಇವತ್ತೇ ನಿಲ್ಲಿಸಿ. ಉಪ್ಪಾಗೆ ತುಪ್ಪ ಸಿಕ್ಕರೆ ದೋಸೆಗೆ ಹಾಕಿಕೊಂಡು ತಿನ್ನಿ, ರುಚಿಗೆ.

ಅರಿಶಿನದ ವಿಷಯ ಸ್ವಲ್ಪ ಸೂಕ್ಷ್ಮ. ಅದರಲ್ಲಿರುವ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತ್ತು. ಅದಕ್ಕೇ ಈಗ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಪೈಪರಿನ್ ಇರುತ್ತದೆ. ನಮ್ಮ ಮೆಣಸಿಗೆ ಹೆಮ್ಮೆಯ ವಿಷಯ ಅಲ್ವಾ? ಆದರೆ ಪೈಪರಿನ್ ಹೀಗೆ ಅರಿಶಿನವನ್ನು ಮಾತ್ರ ಆರಿಸಿ ಏರಿಸುವುದಿಲ್ಲ. ಬಿಪಿಯ ಪ್ರೊಪ್ರನಾಲಾಲ್, ಫಿಟ್ಸ್‌ನ ಫೆನಿಟಾಯಿನ್ ಇವನ್ನೂ ರಕ್ತದಲ್ಲಿ ಏರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಂತೂ ಅರಿಶಿನದ ಕ್ಯಾಪ್ಸೂಲ್ ಕಡೆ ಹೋಗಲೇಬಾರದು. ಸಾರಿಗೆ ಹಾಕುವ ಚಿಟಿಕೆ ಅರಿಶಿನ, ನಾಲ್ಕು ಕಾಳು ಮೆಣಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನೀವು ಕೇಳಿಲ್ಲ, ಆದರೂ ಸಕ್ಕರೆ ಇರುವವರಿಗೆ ಇಲ್ಲಿ ಯಾರಾದರೂ ಏಕನಾಯಕನ ಬೇರು ಕೊಡ್ತಾರೆ. ಅದು ನಿಜಕ್ಕೂ ಕೆಲಸ ಮಾಡುವ ವಸ್ತು. ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಕರುಳಿನಲ್ಲೇ ತಡೆಯುತ್ತದೆ. ವೋಗ್ಲಿಬೋಸ್ ಮಾತ್ರೆ ಮಾಡುವುದೂ ಅದನ್ನೇ. ಅಮ್ಮನ ಚೀಟಿಯಲ್ಲಿ ಆ ಹೆಸರಿದ್ದರೆ ಒಂದೇ ಕೆಲಸಕ್ಕೆ ಎರಡು ಔಷಧ ಆಯಿತು. ಇನ್ಸುಲಿನ್‌ನಂಥ ಬೇರೆ ಔಷಧವೂ ಜೊತೆಗಿದ್ದರೆ ಕೈ ನಡುಗಿ, ಬೆವರಿ, ಸಕ್ಕರೆ ಕುಸಿಯಬಹುದು. ಕೆಲಸ ಮಾಡುವ ಗಿಡವೇ ಹೆಚ್ಚು ಎಚ್ಚರ ಬೇಡುತ್ತದೆ. ಅಮೃತಬಳ್ಳಿಯೂ ಅಷ್ಟೇ. ಕೋವಿಡ್ ಕಾಲದಲ್ಲಿ ಕಷಾಯ ಮಾಡಿ ಕುಡಿಯದವರಿಲ್ಲ. 2021ರಲ್ಲಿ ಮುಂಬೈಯ ಲಿವರ್ ಡಾಕ್ಟರುಗಳು ಅದನ್ನು ಕುಡಿದು ಲಿವರ್ ಊದಿದ 6 ಜನರ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸುವುದರಲ್ಲೇ ತಪ್ಪಾಗಿರಬಹುದು ಅಂದಿತು. ಯಾರು ಸರಿಯೇ ಇರಲಿ, ಪುಡಿಯ ಡಬ್ಬಿಯೊಳಗೆ ಯಾವ ಬಳ್ಳಿ ಇದೆ ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು?

ಅಣಬೆ ಕ್ಯಾಪ್ಸೂಲ್ ಬಗ್ಗೆ ಜಾಹೀರಾತು ಜಾಸ್ತಿ, ಪುರಾವೆ ಕಡಿಮೆ. ನೆನಪಿನ ಶಕ್ತಿಗೆ ಅಂತ ಮಾರುವ ಲಯನ್ಸ್ ಮೇನ್ ಮೇಲೆ 2009ರಲ್ಲಿ ಜಪಾನಿನಲ್ಲಿ ಒಂದು ಪರೀಕ್ಷೆ ನಡೆದದ್ದು ನಿಜ. ಮರೆವು ಶುರುವಾಗಿದ್ದ 50ರಿಂದ 80 ವಯಸ್ಸಿನವರಿಗೆ 16 ವಾರ ಕೊಟ್ಟಾಗ ಸುಧಾರಿಸಿತು, ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು. ಆದರೆ ಅದರಲ್ಲಿದ್ದವರು ಬರೀ 30 ಜನ. ಅಷ್ಟರ ಮೇಲೆ ದುಬಾರಿ ಡಬ್ಬಿ ಕೊಳ್ಳಿ ಅಂತ ನಾನಂತೂ ಹೇಳಲಾರೆ. ಅದೇ ದುಡ್ಡಿಗೆ ಪೇಟೆಯ ಚಿಪ್ಪು ಅಣಬೆ ತಂದು, ಕತ್ತರಿಸಿ, ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟು ಪಲ್ಯ ಮಾಡಿ. ಬಿಸಿಲು ಬಿದ್ದರೆ ಅಣಬೆಯಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ಆದರೆ ಊರಿಗೆ ಬಂದಾಗ ಮೊದಲ ಮಳೆಗೆ ಎದ್ದ ಕಾಡಣಬೆಯನ್ನು ಗೊತ್ತಿಲ್ಲದೆ ಕೀಳಬೇಡಿ. ಬೆಳ್ಳಿ ಕಪ್ಪಾಗುತ್ತಾ, ಬೆಳ್ಳುಳ್ಳಿ ಬಣ್ಣ ತಿರುಗುತ್ತಾ ಅಂತ ನೋಡುವುದೆಲ್ಲ ಸುಳ್ಳು. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದೇ ಆರೇಳು ಗಂಟೆ ಕಳೆದ ಮೇಲೆ. ನಡುವೆ ಒಂದು ದಿನ ಸುಧಾರಿಸಿದ ಹಾಗೆ ಕಂಡು, ಆಮೇಲೆ ಲಿವರ್ ಹೋಗುತ್ತದೆ.

ಒಂದೆಲಗ ಮಾತ್ರ ಬಿಡಬೇಡಿ, ಪುಡಿಯ ಬದಲು ಸೊಪ್ಪು ತನ್ನಿ. ಗಾಯ ಮಾಯಲು ಅದರ ಸತ್ವ ನೆರವಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಬುದ್ಧಿ ಚುರುಕಾಗುತ್ತದೆ ಅನ್ನುವುದಕ್ಕೆ ಅಷ್ಟಿಲ್ಲ. ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ ಮತ್ತು ಕಾಳುಮೆಣಸು, ಸ್ವಲ್ಪ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿ. ಬಿಪಿ ಇದೆಯಲ್ಲ, ಉಪ್ಪು ಕಡಿಮೆ. ಯಾರದಾದರೂ ಅಡಿಕೆ ತೋಟದಿಂದ ಕಿತ್ತದ್ದಾದರೆ ಮಳೆಗಾಲದಲ್ಲಿ ಕೇಳಿಕೊಂಡೇ ತನ್ನಿ. ಕೊಳೆ ರೋಗಕ್ಕೆ ಹೊಡೆದ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಮರದಿಂದ ತೊಟ್ಟಿಕ್ಕಿ ಕೆಳಗಿನ ಒಂದೆಲಗದ ಮೇಲೇ ಬಿದ್ದಿರುತ್ತದೆ.

ಉಳಿದ ಡಬ್ಬಿಗಳ ಹಿಂಬದಿಯ ಫೋಟೋ ತೆಗೆದು, ಅಮ್ಮನ ಮಾತ್ರೆ ಚೀಟಿಯ ಜೊತೆ ಡಾಕ್ಟರಿಗೆ ತೋರಿಸಿ. ಹೆಚ್ಚಿನವರು ಇದನ್ನು ಡಾಕ್ಟರ ಹತ್ತಿರ ಮುಚ್ಚಿಡ್ತಾರೆ, ಬೈತಾರೆ ಅಂತ. ಇನ್ನೊಂದು, ಸೆಕೆಗೆ ತಂಪು ಅಂತ ಬಾಟಲಿಯ ಮುರುಗಲು ಶರಬತ್ತು ಕೊಡಬೇಡಿ. ಅದರಲ್ಲಿ ತುಂಬ ಸಕ್ಕರೆ ಇರುತ್ತದೆ. ಒಣ ಸಿಪ್ಪೆ ನೆನೆಸಿ, ಕಿವುಚಿ, ಜೀರಿಗೆ ಹಾಕಿ ಕೊಡಿ.