ರೆಟಿನಾ ಹೇಗೆ ಕೆಲಸ ಮಾಡುತ್ತೆ ಅಂತ ಜೀವನವೆಲ್ಲ ನೋಡುತ್ತ ಕೂತರೆ ರೋಗಿಗೆ ಏನು ಬಂತು?

ಮಗಳು ರೆಟಿನಾ (ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ) ಮೇಲೆ ಪಿಎಚ್‌ಡಿ ಮಾಡುತ್ತೇನೆ ಅಂತಿದ್ದಾಳೆ, ವಿಷಯ ಕೇಳಿದರೆ ರೋಗವೂ ಅಲ್ಲ ಔಷಧಿಯೂ ಅಲ್ಲ, ಬೆಳಕನ್ನು ಕಣ್ಣು ಹೇಗೆ ಹಿಡಿಯುತ್ತದೆ ಅನ್ನುವುದಂತೆ, ಇದರಿಂದ ಯಾರಿಗೆ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನು ವಿಜ್ಞಾನಿ ಅಲ್ಲ. ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಇಆರ್‌ಜಿ ತೆಗೆಯುತ್ತಿದ್ದೇನೆ. ಹೃದಯಕ್ಕೆ ಇಸಿಜಿ ಇದ್ದ ಹಾಗೆ ರೆಟಿನಾಕ್ಕೆ ಇದು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದವನು ವಿಜ್ಞಾನಿ ಜಾರ್ಜ್ ವಾಲ್ಡ್. ನ್ಯೂಯಾರ್ಕಿನ ಯಹೂದಿ ಹುಡುಗ. ಪಿಎಚ್‌ಡಿ ಮುಗಿಸಿ 1932ರಲ್ಲಿ ಬರ್ಲಿನ್‌ಗೆ ಹೋದ. ಅಲ್ಲಿ ಪ್ರಾಣಿಗಳ ರೆಟಿನಾದಲ್ಲಿ ವಿಟಮಿನ್ ಎ ಇದೆ ಅಂತ ಕಂಡುಹಿಡಿದ. ಅಷ್ಟರಲ್ಲಿ ಹಿಟ್ಲರ್ ಗದ್ದುಗೆ ಏರಿದ್ದ, ವಾಪಸ್ ಹೊರಡಬೇಕಾದ ಪರಿಸ್ಥಿತಿ. ಹೊರಡುವ ಮುಂಚೆ ಹೈಡೆಲ್‌ಬರ್ಗ್‌ನ ಲ್ಯಾಬಿನಲ್ಲಿದ್ದಾಗ, ಬೇಸಿಗೆ ರಜಕ್ಕೆ ಎಲ್ಲರೂ ಹೋಗಿದ್ದ ಹೊತ್ತಿಗೆ, 300 ಕಪ್ಪೆಗಳು ಬಂದಿಳಿದವು. ಇನ್ನೊಬ್ಬರಾಗಿದ್ದರೆ ಕೆರೆಗೆ ಬಿಟ್ಟುಬಿಡುತ್ತಿದ್ದರೋ ಏನೋ. ಇವನು ಅವುಗಳ ರೆಟಿನಾ ತೆಗೆದು ಕೂತ. ಕತ್ತಲಲ್ಲಿಟ್ಟ ರೆಟಿನಾದಿಂದ ಹಳದಿ ಬಣ್ಣದ ಹೊಸದೊಂದು ವಸ್ತು ಸಿಕ್ಕಿತು. ಈಗ ಅದಕ್ಕೆ ರೆಟಿನಾಲ್ಡಿಹೈಡ್ ಅನ್ನುತ್ತಾರೆ.

ಅದರ ಕೆಲಸವನ್ನು ಇಲಿಬೋನಿಗೆ ಹೋಲಿಸಬಹುದು. ಆ ಅಣು ಬಾಗಿಕೊಂಡು ಕಾಯುತ್ತಿರುತ್ತದೆ. ಬೆಳಕು ತಾಗಿದ ತಕ್ಷಣ ನೆಟ್ಟಗಾಗುತ್ತದೆ, ಅಂದರೆ ಬೋನು ಬಿತ್ತು, ನಮಗೆ ಬೆಳಕು ಕಂಡಿತು. ಆದರೆ ಒಮ್ಮೆ ಬಿದ್ದ ಬೋನನ್ನು ಯಾರಾದರೂ ಮತ್ತೆ ಎತ್ತಿ ಕಟ್ಟಬೇಕಲ್ಲ? ಮ್ಯಾಟಿನಿ ಶೋಗೆ ಬಿಸಿಲಿನಿಂದ ಒಳಗೆ ಹೋದಾಗ ಸೀಟು ಕಾಣದೆ ತಡವರಿಸುತ್ತೀರಲ್ಲ, ಬಹುಪಾಲು ಆ ಬೋನುಗಳನ್ನು ಮತ್ತೆ ಕಟ್ಟುತ್ತಿರುವ ಸಮಯ ಅದು. ಇರುಳುಗುರುಡಿಗೆ ಲಿವರ್ ತಿನ್ನಿಸಿದರೆ ಗುಣವಾಗುತ್ತದೆ ಅಂತ ಹಳೇ ಕಾಲದವರಿಗೂ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಾದದ್ದು ಹೀಗೆ: ವಿಟಮಿನ್ ಎ ಇಲ್ಲದಿದ್ದರೆ ಬೋನು ಮಾಡಲು ಸಾಮಾನೇ ಇಲ್ಲ. ಬಾಗುವ, ನೆಟ್ಟಗಾಗುವ ಈ ರಸಾಯನಶಾಸ್ತ್ರವನ್ನು 1950ರ ದಶಕದಲ್ಲಿ ಬಿಡಿಸಿದ್ದರಲ್ಲಿ ರೂತ್ ಹಬರ್ಡ್ ಅವರದು ದೊಡ್ಡ ಪಾಲು. ಆಮೇಲೆ ವಾಲ್ಡ್‌ನನ್ನೇ ಮದುವೆಯಾದರು. 1967ರ ನೊಬೆಲ್ ಮಾತ್ರ ವಾಲ್ಡ್‌ಗೆ, ಜೊತೆಗೆ ಕಣ್ಣಿನ ಮೇಲೆ ಕೆಲಸ ಮಾಡಿದ ಇನ್ನಿಬ್ಬರು, ಹಾರ್ಟ್‌ಲೈನ್ ಮತ್ತು ಗ್ರಾನಿಟ್‌ಗೆ. ಹಬರ್ಡ್ ಹೆಸರು ಇರಲಿಲ್ಲ, ನನಗೆ ಇವತ್ತಿಗೂ ಅದು ಸರಿ ಅನ್ನಿಸುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಾಲ್ಡ್ ತೀರಿಕೊಂಡದ್ದು 1997ರಲ್ಲಿ. ಹುಟ್ಟಿನಿಂದಲೇ ದೃಷ್ಟಿ ಮಂಕಾಗುವ ಲೆಬರ್ ಕಾಯಿಲೆಯ ಕೆಲವು ಮಕ್ಕಳಲ್ಲಿ ಆರ್‌ಪಿಇ65 ಅನ್ನುವ ಜೀನ್ ಕೆಟ್ಟಿರುತ್ತದೆ ಅಂತ ತಿಳಿದದ್ದೂ ಅದೇ ವರ್ಷ. ಬಿದ್ದ ಬೋನನ್ನು ಎತ್ತಿ ಕಟ್ಟುವುದೇ ಆ ಜೀನಿನ ಕೆಲಸ. ಫಿಲಡೆಲ್ಫಿಯಾದ ವಿಜ್ಞಾನಿ ಜೀನ್ ಬೆನೆಟ್, ಅವರ ಪತಿ ಆಲ್ಬರ್ಟ್ ಮಗ್ವೈರ್ ಮತ್ತು ಸಂಗಡಿಗರು ಒಳ್ಳೆಯ ಜೀನನ್ನು ವೈರಸ್‌ನಲ್ಲಿ ತುಂಬಿ ಲ್ಯಾನ್ಸೆಲಾಟ್ ಎಂಬ ಕುರುಡು ನಾಯಿಯ ರೆಟಿನಾದ ಅಡಿಗೆ ಬಿಟ್ಟರು. ನಾಯಿಗೆ ಕಣ್ಣು ಬಂತು. 2001ರಲ್ಲಿ ಅದು ಪ್ರಕಟವಾಯಿತು, 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಒಪ್ಪಿಗೆ ಸಿಕ್ಕಿತು. ಶುರುವಿನಲ್ಲಿ ಎರಡೂ ಕಣ್ಣಿಗೆ ಸೇರಿ ಇಟ್ಟಿದ್ದ 8.5 ಲಕ್ಷ ಡಾಲರ್ ಅನ್ನುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅದು ಬೇರೆ ಮಾತು. ಕಪ್ಪೆ ಕೊಯ್ದವನಿಗೆ ಈ ಮಕ್ಕಳ ಸುದ್ದಿಯೇ ಇರಲಿಲ್ಲ.

ನನ್ನ ಕೋಣೆಯಲ್ಲಿ ನಡೆದ ಒಂದು ಘಟನೆ. ರಾಯಚೂರು ಕಡೆಯ ಆರು ವರ್ಷದ ಹುಡುಗ, ತಂದೆತಾಯಿ ಸೋದರಸಂಬಂಧಿಗಳು. ಹುಡುಗ ಕೂತಲ್ಲೇ ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂರಿಸಿ, ಮಂದ ಕೆಂಪು ದೀಪದಲ್ಲಿ ಕೆಳರೆಪ್ಪೆಯ ಒಳಅಂಚಿನಲ್ಲಿ ಎಲೆಕ್ಟ್ರೋಡಿನ ಎಳೆ ಇಟ್ಟು ಫ್ಲಾಶ್ ಕೊಟ್ಟೆ. ಮೊದಲು ಕೆಳಗಿಳಿದು ಆಮೇಲೆ ಮೇಲೇಳಬೇಕಿದ್ದ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಮತ್ತೆ ಕೊಟ್ಟೆ, ಅದೇ. “ಮಷೀನ್ ಕೆಟ್ಟೈತೇನ್ರಿ ಸರ?” ಅಂದಳು ತಾಯಿ. ನನಗೂ ಅನುಮಾನ ಬಂದು ನಮ್ಮ ಅಟೆಂಡರ್‌ನ ಕಣ್ಣಿಗೆ ಹಾಕಿ ನೋಡಿದೆ. ಅಲೆ ಸರಿಯಾಗಿ ಎದ್ದಿತು.

ಜೀನ್ ಪರೀಕ್ಷೆಯ ರಿಪೋರ್ಟ್ ಬಂದಾಗ ಅವನದು ಆರ್‌ಪಿಇ65 ಆಗಿರಲಿಲ್ಲ. ಈ ಲೆಬರ್ ಕಾಯಿಲೆಗೆ ಕಾರಣವಾಗುವ ಇಪ್ಪತ್ತಕ್ಕೂ ಹೆಚ್ಚು ಜೀನ್‌ಗಳಿವೆ, ಅಮೆರಿಕದ ಆ ಔಷಧ ಒಂದಕ್ಕೆ ಮಾತ್ರ. ಅವನ ರೆಟಿನಾದಲ್ಲಿ ಕೆಟ್ಟಿರುವ ಪ್ರೋಟೀನು ದಿನನಿತ್ಯ ಏನು ಮಾಡುತ್ತದೆ ಅನ್ನುವುದು ಪೂರ್ತಿ ತಿಳಿಯದೆ ಅದನ್ನು ರಿಪೇರಿ ಮಾಡುವುದಾದರೂ ಹೇಗೆ? ತಾಯಿ ಆ ಜೀನಿನ ಹೆಸರನ್ನು ಬಸ್ ಟಿಕೆಟ್ ಹಿಂದೆ ಬರೆಸಿಕೊಂಡು ಹೋದಳು. ವರ್ಷಕ್ಕೊಮ್ಮೆ ಬರುತ್ತಾಳೆ, “ಏನಾರ ಬಂದೈತೇನ್ರಿ?” ಅಂತ ಕೇಳುತ್ತಾಳೆ.

ನಿಮ್ಮ ಮಗಳ ವಿಷಯ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ನನಗೊಂದು ಮೆಸೇಜ್ ಹಾಕಲಿ. ಪರೀಕ್ಷೆ ಇರುವ ದಿನ ಡಾಕ್ಟರನ್ನೂ ರೋಗಿಯ ಮನೆಯವರನ್ನೂ ಕೇಳಿ ಒಳಗೆ ಕರೆದುಕೊಳ್ಳುತ್ತೇನೆ, ಆ ಕತ್ತಲಲ್ಲಿ ನಮ್ಮ ಜೊತೆ ಇಪ್ಪತ್ತು ನಿಮಿಷ ಕೂರಲಿ.